ಅಳಿವೆ ಬಾಯಲ್ಲಿ ಹಚ್ಚಿದ ಕೆಂಪು ಕಡ್ಡಿ

ಕಳೆದ ಚಳಿಗಾಲದಲ್ಲಿ ಅಕ್ಕನ ಮಗಳು ಶ್ವೇತಾಳ ಮದುವೆ ನಿಕ್ಕಿಯಾಯಿತು. ಈಗಿನ ಮಕ್ಕಳಿಗೆ ಮದುವೆಗೆ ಮೊದಲೇ ಒಂದು ಸುತ್ತು ಫೋಟೋ ಆಗಬೇಕು. ಕೋಡಿಯಲ್ಲಿ ಕಡಲಿಗೆ ಚಾಚಿದ ಕಲ್ಲುಗೋಡೆಯ ಮೇಲಿನ ಸೀ ವಾಕ್‌ನಲ್ಲಿ ತೆಗೆಸುವುದೆಂದು ತೀರ್ಮಾನವಾದಾಗ, “ಚಿಕ್ಕಮ್ಮ, ನಿಮ್ಮ್ ಊರೇ ಅಲ್ದಾ, ನೀವೂ ಬನ್ನಿ” ಎಂದು ಬ್ರಹ್ಮಾವರದಿಂದ ನನ್ನನ್ನೂ ಕಾರಿಗೆ ಹತ್ತಿಸಿಕೊಂಡಳು. ನಾವು ಬ್ರಹ್ಮಾವರಕ್ಕೆ ಬಂದು ಮೀನೂಟದ ಸಣ್ಣ ಹೋಟೆಲು ತೆರೆದ ಮೇಲೆ ಕೋಡಿಗೆ ಹೋಗುವುದು ಹಬ್ಬಕ್ಕೋ ಪೂಜೆಗೋ ಅಷ್ಟೆ. ಸರಿ ಎಂದು ಹೊರಟೆ.

ಕ್ಯಾಮರಾದ ಹುಡುಗ ಒಂದು ಕೊಳವೆಯಂಥದ್ದನ್ನು ಹೊತ್ತಿಸಿ ಮದುಮಗನ ಕೈಗೆ ಕೊಟ್ಟ. ಕಿತ್ತಳೆ ಬಣ್ಣದ ಹೊಗೆ ಬುಸುಬುಸು ಎದ್ದಿತು. ಶ್ವೇತಾ ಉದ್ದ ಲಂಗದ ಚುಂಗು ಹಿಡಿದುಕೊಂಡು ಹೊಗೆಯ ನಡುವೆ ಓಡಿದಳು, ನಕ್ಕಳು, ಮತ್ತೆ ಓಡಿದಳು. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ನನ್ನ ಮುಖಕ್ಕೇ ಬಂತು. ಸೀದ ಸಕ್ಕರೆಗೆ ಪಟಾಕಿಯ ಮದ್ದು ಬೆರೆತಂಥ ವಾಸನೆ. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

“ಎಂತ ಆಯ್ತ್ ಚಿಕ್ಕಮ್ಮ?”

“ಎಂತ ಇಲ್ಲೆ ಮಗಾ. ಹೊಗಿ ಮೂಗಿಗ್ ಹೋಯ್ತ್.”

ಹಾಗೆಂದೆ. ಆದರೆ ಕಣ್ಣು ಆಗಲೇ ಅಳಿವೆಯ ಬಾಯಿಗೆ ಹೋಗಿತ್ತು. ಐದು ಹೊಳೆಗಳ ನೀರು ಒಂದಾಗಿ ಸಮುದ್ರ ಸೇರುವ ಜಾಗ ಅದು. ಈಚೆ ಕೋಡಿ, ಆಚೆ ಗಂಗೊಳ್ಳಿ, ನಡುವೆ ನೊರೆ ಕಕ್ಕುವ ತೆರೆಗಳ ಸಾಲು. ನಾವು ಪಚ್ಚಿಲೆ ಎಂಬ ಚಿಪ್ಪುಮೀನು ಬೆಳೆಸಿದ ವರ್ಷ, ಮೇ ತಿಂಗಳ ಒಂದು ಸಂಜೆ, ಮೂವರು ಹೆಂಗಸರು ಇದೇ ಬಣ್ಣದ ಹೊಗೆ ಹಚ್ಚಿ ಅಲ್ಲಿ ತೇಲಿಹೋಗುತ್ತಿದ್ದೆವು. ಈಗ ನಾನು ಕುಳಿತಿದ್ದ ಇದೇ ಜಾಗದಿಂದ ಜನ ನಮಗೆ ಟಾಟಾ ಮಾಡಿದ್ದರು.

ನಾನು ಹುಟ್ಟಿದ್ದು ತೆಕ್ಕಟ್ಟೆಯಲ್ಲಿ. ಅಪ್ಪ ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮಾರುತ್ತಿದ್ದವರು. ಹೆದ್ದಾರಿ ಬದಿಯಲ್ಲಿ ಲಾರಿಗಳ ಸದ್ದು ಕೇಳಿಕೊಂಡು ಬೆಳೆದ ನನಗೆ ಮೀನಿನ ಗುಣ ಗೊತ್ತಿತ್ತೇ ಹೊರತು ನೀರಿನ ಗುಣ ಗೊತ್ತಿರಲಿಲ್ಲ. ಮದುವೆಯಾಗಿ ಕೋಡಿಗೆ ಬಂದ ಮೇಲೂ ದೋಣಿ ಹತ್ತಿದ್ದು ಅಪರೂಪ. ಗಂಡ ರಾಘು ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದರು. ಕಡಲಿಗಿಳಿದರೆ ವಾರಗಟ್ಟಲೆ ಈಚೆ ಇಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಯ ಹೆಸರು ಪಾರ್ವತಿ, ಊರಿಗೆಲ್ಲ ಪಾರ್ತಕ್ಕ. ಮಾತು ಕಡಿಮೆ, ಕೆಲಸ ಹೆಚ್ಚು. ನನ್ನ ಮೇಲೆ ಸಿಟ್ಟಿಲ್ಲ, ಆದರೆ ಸಲಿಗೆಯೂ ಇಲ್ಲ. ಒಂದೇ ಒಲೆಯ ಮುಂದೆ ಕುಳಿತೂ ನಾವಿಬ್ಬರೂ ತುಸು ದೂರದವರ ಹಾಗೇ ಇದ್ದೆವು.

ಪಚ್ಚಿಲೆಯ ಯೋಚನೆ ನೆರೆಮನೆಯ ಗಿರಿಜಕ್ಕನದು. ಅವರು ಬಸ್ರೂರು, ಸಾಲಿಗ್ರಾಮ ಅಂತ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಮಂಡಿ ಸವೆಸಿಕೊಂಡವರು. ಬೈಂದೂರಿನ ಕಡೆ ಹೆಂಗಸರು ಹೊಳೆಯಲ್ಲಿ ಪಚ್ಚಿಲೆ ಬೆಳೆಸುವುದನ್ನು ನೋಡಿ ಬಂದವರೇ ಸೀದಾ ನಮ್ಮ ಜಗಲಿಗೆ ಬಂದು ಕುಳಿತರು.

“ಹೊತ್ತ್ ಹೊತ್ತ್ ಸಾಕಾಯ್ತ್ ಪಾರ್ತಕ್ಕ. ಹೊಳಿಯಂಗೇ ಬೆಳ್ಸುವ. ಬೀಜ ಕಟ್ಟಿ ಇಳ್ಸಿರ್ ಆಯ್ತ್, ಅದ್ರಷ್ಟಕ್ಕೇ ದೊಡ್ಡದಾತ್ತ್.”

ಅತ್ತೆ ಕೈಯಲ್ಲಿದ್ದ ಕೆಲಸ ಬದಿಗಿಟ್ಟರು. ಆಮೇಲೆ, “ಕುಸುಮ ಬತ್ತೆ ಅಂದ್ರೆ ನಾನೂ ಬತ್ತೆ” ಅಂದರು. ಕುಸುಮ ಅಂದರೆ ನಾನು. ಅತ್ತೆ ನನ್ನ ಹೆಸರನ್ನು ಹಾಗೆ ಒಂದು ಲೆಕ್ಕಕ್ಕೆ ಹಿಡಿದು ಹೇಳಿದ್ದು ಅದೇ ಮೊದಲು. ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಹೊಳೆಗೆ ಇಳಿಯುವ ಮುಂಚೆ ಒಂದು ದಿನ ಸುರಕ್ಷತೆಯ ತರಬೇತಿಗೆ ಬರಬೇಕೆಂದು ಮೀನುಗಾರಿಕೆ ಇಲಾಖೆಯವರು ಹೇಳಿದರು. ಪಿಯುಸಿ ಓದಿದವಳು ನಾನೊಬ್ಬಳೇ ಎಂದು ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಕಲಿಸಲು ಬಂದದ್ದು ಮೈಸೂರು ಕಡೆಯ ಒಬ್ಬ ಹುಡುಗಿ. ಲೈಫ್ ಜಾಕೆಟ್ ಹಾಕುವುದು ಕಲಿಸಿದ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ತೆರೆದಳು. ಒಳಗೆ ಕೈಯಲ್ಲಿ ಹಿಡಿಯುವ ಎರಡು ಕೆಂಪು ಫ್ಲೇರ್, ನೀರಿಗೆ ಎಸೆಯುವ ಒಂದು ಹೊಗೆಯ ಡಬ್ಬಿ. ಅಪಾಯದಲ್ಲಿದ್ದೇವೆ, ಬನ್ನಿ ಎಂದು ದೂರದವರಿಗೆ ಹೇಳುವ ಸಾಧನ. ನಾವು ಆಮೇಲೆ ಅದನ್ನು ಕೆಂಪು ಕಡ್ಡಿ ಎಂದೇ ಕರೆದೆವು.

“ಇದು ಪಟಾಕಿ ಅಲ್ಲ,” ಎಂದಳು ಹುಡುಗಿ. “ಹಗಲಿಗೆ ಹೊಗೆ, ಕತ್ತಲಾಗ್ತಾ ಬಂದರೆ ಕೆಂಪು. ಕಡ್ಡಿ ಉರಿಯೋದು ಒಂದು ನಿಮಿಷ ಅಷ್ಟೆ. ಹಾಗಾಗಿ ನೋಡೋರು ಇದ್ದಾರೆ ಅಂತ ಕಂಡ ಮೇಲೇ ಹಚ್ಚಿ. ಗಾಳಿ ಯಾವ ಕಡೆಗೆ ಹೋಗ್ತಿದೆಯೋ ಆ ಬದಿಗೆ, ದೋಣಿಯಿಂದ ಆಚೆ, ಕೈ ಉದ್ದ ಚಾಚಿ ಹಿಡೀಬೇಕು. ಅದರಿಂದ ಕೆಂಡ ಉದುರುತ್ತೆ, ಅದು ನೀರಿಗೇ ಬೀಳಬೇಕು. ಬೆಂಕಿಯನ್ನ ನೋಡ್ಬೇಡಿ, ಕಣ್ಣು ಕತ್ತಲೆ ಕಟ್ಟುತ್ತೆ. ಹತ್ತದೇ ಹೋದರೆ ಬಗ್ಗಿ ಏನಾಯ್ತು ಅಂತ ಇಣುಕ್ಬೇಡಿ. ಹಾಗೇ ಆಚೆ ಹಿಡಿದುಕೊಂಡು ಸ್ವಲ್ಪ ಕಾದು ನೀರಿಗೆ ಬಿಡಿ.”

ಗಿರಿಜಕ್ಕ ಕೈ ಎತ್ತಿದರು. “ತಾರೀಕ್ ಮುಗ್ದದ್ ಇದ್ರೆ ಹಬ್ಬಕ್ಕ್ ಹೊಡೂಕಾತ್ತಾ ಮೇಡಂ?”

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. “ನೀವು ಹಬ್ಬಕ್ಕೆ ಹಚ್ಚಿದ್ದನ್ನ ಕಡಲಲ್ಲಿರೋ ಯಾರೋ ನೋಡ್ತಾರೆ. ಬಲೆ ಕತ್ತರಿಸಿ ಬಿಟ್ಟು ಓಡಿ ಬರ್ತಾರೆ. ಇನ್ನೊಂದು ಸಲ ನಿಜವಾಗಿ ಹಚ್ಚಿದಾಗ ಅವರು ಬರೋದಿಲ್ಲ. ಹಳೇದನ್ನ ನಮಗೇ ವಾಪಸ್ ಕೊಡಿ.”

ಪೊಲೀಸರಿಗೂ ಬಂದರಿನವರಿಗೂ ಮೊದಲೇ ಹೇಳಿಟ್ಟು, ಮರಳಿನ ಮೇಲೆ ಒಂದನ್ನು ತಾನೇ ಹಚ್ಚಿ ತೋರಿಸಿದಳು. ಹಗಲು ಬೆಳಕಿನಲ್ಲೂ ಆ ಕೆಂಪು ಕಣ್ಣಿಗೆ ಚುಚ್ಚಿತು. ಆಮೇಲೆ ಖಾಲಿ ಕೊಳವೆಯೊಂದನ್ನು ನಮ್ಮ ಕೈಗಿತ್ತು ಅಭ್ಯಾಸ ಮಾಡಿಸಿದಳು. ನನ್ನ ಸರದಿ ಬಂದಾಗ ಮೊಣಕೈ ಮಡಿಚಿಕೊಂಡು ಮುದುಡಿದೆ. ಹುಡುಗಿ ಹಿಂದೆ ನಿಂತು ನನ್ನ ಕೈಯನ್ನು ನೆಟ್ಟಗೆ ಮಾಡಿದಳು. “ಕೈ ಚಾಚಿ ಅಕ್ಕ. ಮುಖ ಆಚೆ.”

ಡಬ್ಬಿ ಒದ್ದೆಯಾಗಬಾರದು ಎಂದು ನಾನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ನೋಡಿದರೆ, ಹುಣಸೆಹಣ್ಣು ಒಣಗಿಸುವ ಅಟ್ಟದ ಮೇಲೆ, ಉರಿಯುವ ಒಲೆಗೆ ನೇರ ಮೇಲೆ, ನಮ್ಮ ಫ್ಲೇರ್ ಡಬ್ಬಿ ಕುಳಿತಿದೆ! ನಾನು ಕಿರುಚಿಕೊಂಡು ಮಣೆ ಹತ್ತಿ ಇಳಿಸಿದೆ.

“ಅತ್ತೆ, ಇದ್ರೊಳ್ಗೆ ಮದ್ದಿತ್ತ್! ಬಿಸಿ ತಾಗೂಕಾಗ!”

“ಒಣ್ಗಿರ್ಕ್ ಅಂದವ್ಳ್ ನೀನೇ ಅಲ್ದಾ?” ಎಂದ ಅತ್ತೆಯ ಮುಖ ಸಣ್ಣದಾಯಿತು. ನಾನು ಡಬ್ಬಿಯ ಬಾಯಿಗೆ ಟೇಪು ಸುತ್ತಿ, ಹಗ್ಗ ಕಟ್ಟಿ, ನಾವು ಹೊಳೆಗೆ ಹೋಗುವ ದೋಣಿಯ ಹಲಗೆಯ ಕೆಳಗೆ ನೇತುಹಾಕಿದೆ. ಚಪ್ಪರ ಇಳಿಸುವ ದಿನ ಊರಿನ ಹಿರಿಯರು ತೆಂಗಿನಕಾಯಿ ಒಡೆಯಲು ಬಂದಾಗ, ಶೋಭೆಗೆ ಒಂದು ಕೆಂಪು ಕಡ್ಡಿ ಹಚ್ಚೋಣ ಎಂದು ಗಿರಿಜಕ್ಕ ಹಟ ಹಿಡಿದರು. ನಾನು ಡಬ್ಬಿಯ ಮೇಲೆ ಕುಳಿತುಬಿಟ್ಟೆ. ಅಂದಿನಿಂದ ಅವರು ನನ್ನನ್ನು ಕರೆದದ್ದು ‘ಕಡ್ಡಿ ಟೀಚರ್’ ಎಂದು.

ಚಪ್ಪರ ಅಂದರೆ ಬಿದಿರು ಕಟ್ಟಿ ಹೊಳೆಯಲ್ಲಿ ತೇಲಬಿಟ್ಟದ್ದು. ಕಡಲೆಬೀಜದಷ್ಟು ಪಚ್ಚಿಲೆ ಮರಿಗಳನ್ನು ಹಗ್ಗದ ಸುತ್ತ ಜೋಡಿಸಿ, ತೆಳು ಬಟ್ಟೆ ಹೊಲಿದು, ಆ ಚಪ್ಪರದಿಂದ ನೀರಿಗೆ ಇಳಿಬಿಡಬೇಕು. ಬಟ್ಟೆ ಕೆಲವೇ ದಿನಕ್ಕೆ ಕರಗಿ ಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮದೇ ನಾರು ಬಿಟ್ಟು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಡಿಸೆಂಬರಿನ ತಂಪಿನಲ್ಲಿ ನಮ್ಮ ಜಗಲಿ ತುಂಬ ಹಗ್ಗ, ಬಟ್ಟೆ, ಸೂಜಿ. ನನಗಿಂತ ಅತ್ತೆಯ ಹೊಲಿಗೆ ಚೆಂದ. ಸಂಕ್ರಾಂತಿ ಕಳೆಯಿತು, ಬಿಸಿಲು ಏರಿತು. ವಾರಕ್ಕೊಮ್ಮೆ ಮಂಜಣ್ಣನ ಇಂಜಿನ್ ದೋಣಿಯಲ್ಲಿ ಹೋಗಿ ಹಗ್ಗ ಎತ್ತಿ ನೋಡುತ್ತಿದ್ದೆವು. ಮಂಜಣ್ಣ ಗಿರಿಜಕ್ಕನ ಮೈದುನ, ದೋಣಿ ಅವನದೇ. ಗಿರಿಜಕ್ಕನಿಗೂ ಇಂಜಿನ್ ನಡೆಸಲು ಬರುತ್ತಿತ್ತು. ಮೊದಮೊದಲು ನಾನು ದೋಣಿಯ ಅಂಚು ಬಿಗಿಹಿಡಿದು ಕೂರುತ್ತಿದ್ದೆ. ಏಪ್ರಿಲ್ ಹೊತ್ತಿಗೆ ಹಗ್ಗಗಳು ತೊಡೆಯಷ್ಟು ದಪ್ಪವಾಗಿ, ಹಸಿರು ಕಪ್ಪು ಚಿಪ್ಪುಗಳಿಂದ ಮಿರುಗತೊಡಗಿದಾಗ ನನಗೆ ಹೆದರಿಕೆಯೇ ಮರೆತುಹೋಗಿತ್ತು.

ಮಳೆಗೆ ಮೊದಲು ಕೊಯ್ಯಬೇಕು. ಘಟ್ಟದ ನೀರು ಇಳಿದು ಹೊಳೆ ಸಿಹಿಯಾದರೆ ಪಚ್ಚಿಲೆ ಸಾಯುತ್ತದೆ. ಮೇ ತಿಂಗಳ ಕೊನೆಗೆ ಕೊಯ್ಲು ಶುರು ಮಾಡಿ ಕಡೆಯ ಸಾಲುಗಳಿಗೆ ಬಂದಿದ್ದೆವು. ಆ ದಿನ ಮಂಜಣ್ಣನಿಗೆ ಬ್ರಹ್ಮಾವರದಲ್ಲಿ ನೆಂಟರ ಮದುವೆ. ಆರತಕ್ಷತೆ ಮುಗಿಸಿ ಬರುವವನು. ಪೂರ್ವದಲ್ಲಿ ಮೋಡ ಕಟ್ಟುತ್ತಿತ್ತು.

“ನಾಳಿಗೆ ಬಿಟ್ರೆ ಮಳಿ ಬತ್ತ್,” ಎಂದರು ಗಿರಿಜಕ್ಕ. “ನಾನೇ ಇಂಜಿನ್ ಬಿಡ್ತೆ. ಇಲ್ಲಿಂದ್ ಇಲ್ಲಿಗೆ ಅಲ್ದಾ.”

ಇಲ್ಲಿಂದ ಇಲ್ಲಿಗೇ. ಮಧ್ಯಾಹ್ನವೆಲ್ಲ ಕೊಯ್ದು, ಚೀಲ ತುಂಬಿ, ದೋಣಿಗೆ ಹೇರಿ ಹೊರಟಾಗ ಸಂಜೆಯಾಗಿತ್ತು. ನೀರು ಇಳಿತದಲ್ಲಿತ್ತು. ನಡು ಹೊಳೆಗೆ ಬರುವಷ್ಟರಲ್ಲಿ ಪೂರ್ವದಿಂದ ಗಾಳಿ ಒಮ್ಮೆಲೇ ಎದ್ದಿತು. ಇಂಜಿನ್ ಗೊರಗೊರ ಎಂದು, ಕೆಮ್ಮಿ, ನಿಂತುಹೋಯಿತು.

ಗಿರಿಜಕ್ಕ ಇಂಜಿನ್ ಎತ್ತಿದರು. ನೀರೊಳಗೆ ತಿರುಗುವ ಪಂಕಕ್ಕೆ, ಅಂದರೆ ಫ್ಯಾನಿಗೆ, ಯಾರದೋ ಹಳೆ ಬಲೆಯ ತುಂಡು ಸುತ್ತಿಕೊಂಡಿತ್ತು. ಪಚ್ಚಿಲೆ ಕೊಯ್ಯುವ ಚೂರಿಯಲ್ಲಿ ಕೊಯ್ದು ಕೊಯ್ದು ಬಿಡಿಸಿದರು. ಹಗ್ಗ ಎಳೆದರೆ ಇಂಜಿನ್ ಹೊತ್ತಿಕೊಂಡಿತು, ಪಂಕ ಮಾತ್ರ ತಿರುಗಲಿಲ್ಲ. ಒಳಗಿನ ಪಿನ್ನು ಮುರಿದಿತ್ತು. ಲಂಗರು ಬಿಟ್ಟೆವು, ಅದು ಕೆಸರಿನಲ್ಲಿ ಜಾರುತ್ತಾ ನಮ್ಮ ಹಿಂದೆಯೇ ಬಂತು. ಅತ್ತೆ ಒಂದು ಹುಟ್ಟು, ನಾನೊಂದು ಹುಟ್ಟು ಹಿಡಿದು ಹಾಕಿದೆವು. ದೋಣಿಯ ಮೂತಿ ಕೋಡಿಯ ಕಡೆಗಿತ್ತು, ದೋಣಿ ಹೋಗುತ್ತಿದ್ದದ್ದು ಅಳಿವೆಯ ಕಡೆಗೆ. ಇಳಿತದ ನೀರು, ಹೊರಗೆ ದೂಡುವ ಗಾಳಿ, ಮೇಲಿಂದ ಚೀಲಗಳ ಭಾರ. ಸಮುದ್ರ ಕುದಿಯುವ ಸದ್ದು ಹತ್ತಿರವಾಗುತ್ತಾ ಬಂತು.

ಮಂಜಣ್ಣನಿಗೆ ಫೋನ್ ಮಾಡಿದೆ. ಆಚೆಯಿಂದ ಬ್ಯಾಂಡಿನ ಸದ್ದು. “ಎಂತ? ಕೇಂತಿಲ್ಲೆ! ಊಟ ಆಯ್ತಾ?” ಎನ್ನುತ್ತಾನೆ! ಇಟ್ಟೆ. ಕರಾವಳಿ ಕಾವಲಿನ ಪೊಲೀಸರಿಗೆ ಮಾಡಿದೆ. ಎಲ್ಲಿದ್ದೇವೆ, ಎಷ್ಟು ಜನ, ಏನಾಗಿದೆ ಎಂದು ಹೇಳಿದೆ. ಹೊರಡುತ್ತೇವೆ, ಧೈರ್ಯವಾಗಿರಿ ಎಂದರು. ಅವರು ದೋಣಿ ಇಳಿಸಿ ಇಲ್ಲಿ ಮುಟ್ಟುವವರೆಗೆ ಅಳಿವೆ ನಮಗಾಗಿ ಕಾಯುವುದಿಲ್ಲವಲ್ಲ.

ಕೂರಲು ಮೆತ್ತೆ ಮಾಡಿಕೊಂಡಿದ್ದ ಲೈಫ್ ಜಾಕೆಟುಗಳನ್ನು ಎಳೆದು ಹಾಕಿಕೊಂಡೆವು. ಗಿರಿಜಕ್ಕನ ಹೊಟ್ಟೆಗೆ ಜಾಕೆಟಿನ ದಾರ ಮುಟ್ಟದೆ, ಅತ್ತೆ ತಮ್ಮ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಗಂಟು ಹಾಕಿಕೊಟ್ಟರು.

“ಕಡ್ಡಿ ತೆಗಿ ಕುಸುಮ! ಎಲ್ಲಾ ಒಟ್ಟಿಗೇ ಹಚ್ಚ್!” ಗಿರಿಜಕ್ಕ ಕೂಗಿದರು.

ನನ್ನ ಕೈ ಡಬ್ಬಿಯ ಟೇಪು ಕೀಳುತ್ತಿತ್ತು. ಬಾಯಿ ಮಾತ್ರ, “ಬ್ಯಾಡ, ನಿಲ್ಲಿ” ಎಂದಿತು. “ಯಾರಿಗ್ ಕಾಂತ್ ಅಂತ ಮೊದ್ಲ್ ಕಾಣ್ವ.”

ಕೋಡಿಯ ಕಡೆ ನೋಡಿದೆ. ಸೀ ವಾಕಿನ ಮೇಲೆ ಜನವೋ ಜನ. ಬೆಳಕು ಇನ್ನೂ ಇತ್ತು. ಹಾಗಾದರೆ ಹೊಗೆ. ಮೊದಲು ಇಂಜಿನ್ನಿನ ಸೀಮೆಎಣ್ಣೆಯ ಕ್ಯಾನನ್ನು ಕಿಡಿ ತಾಗದಂತೆ ಗಾಳಿ ಬರುವ ಬದಿಗೆ, ದೋಣಿಯ ಆ ತುದಿಗೆ ದೂಡಿಸಿದೆ. ಹೊಗೆಡಬ್ಬಿಯ ಉಂಗುರ ಎಳೆದು ಗಾಳಿ ಹೋಗುವ ಬದಿಯ ನೀರಿಗೆ ಎಸೆದೆ. ಒಂದು ಕ್ಷಣ ಏನೂ ಇಲ್ಲ. ಮತ್ತೆ ನೀರಿನ ಮೇಲೆ ದಟ್ಟ ಕಿತ್ತಳೆ ಹೊಗೆ ಉಕ್ಕಿ, ಗಾಳಿಗೆ ಅಡ್ಡಬಿದ್ದು, ಸೀ ವಾಕಿನ ಉದ್ದಕ್ಕೂ ಹರಡಿತು. ಗಿರಿಜಕ್ಕ ಎದ್ದು ನಿಂತು ಎರಡೂ ಕೈ ಬೀಸಿದರು.

ಗೋಡೆಯ ಮೇಲಿನ ಜನವೂ ಕೈ ಬೀಸಿದರು.

ಮೊದಲು ಅವರಿಗೆ ತಿಳಿಯಿತು ಎಂದೇ ಅಂದುಕೊಂಡೆ. ಆಮೇಲೆ ನೋಡಿದರೆ ಮೊಬೈಲುಗಳು ಮೇಲೆದ್ದಿದ್ದವು. ಯಾರೋ ಸಿಳ್ಳೆ ಹಾಕಿದರು. ಯಾರೋ ಎರಡು ಬೆರಳಲ್ಲಿ ಹೃದಯದ ಆಕಾರ ಮಾಡಿ ತೋರಿಸಿದರು. ಆ ವರ್ಷವಿಡೀ ಅಲ್ಲಿ ಬಣ್ಣಬಣ್ಣದ ಹೊಗೆ ಬಿಟ್ಟು ಮದುವೆಯ ಫೋಟೋ ತೆಗೆದದ್ದೇ ತೆಗೆದದ್ದು. ನಾವೂ ಅಂಥದ್ದೇ ಏನೋ ಎಂದು ಅವರು ತಿಳಿದಿದ್ದರು.

“ಅಯ್ಯೋ ನಿಮ್ಮ್ ಬಾಯಿಗೆ ಮಣ್ಣ್ ಹಾಕ!” ಗಿರಿಜಕ್ಕ ಗಂಟಲು ಹರಿಯುವಂತೆ ಕೂಗಿದರು. “ಶೂಟಿಂಗ್ ಅಲ್ಲ! ಸಾಯ್ತಿದ್ದೊ ಇಲ್ಲ್!”

ಗಾಳಿ ಮಾತನ್ನು ಕಡಲಿಗೆ ಒಯ್ದಿತು. ಚುರುಮುರಿ ಮಾರುವವನೊಬ್ಬ ಮಾತ್ರ ಗಾಡಿ ಬಿಟ್ಟು ಜೆಟ್ಟಿಯ ಕಡೆ ಓಡುವುದು ಕಂಡಿತು. ಹೊಗೆ ತೆಳುವಾಯಿತು. ಮುಗಿಯಿತು.

ಮೊದಲ ತೆರೆ ದೋಣಿಯನ್ನು ಎತ್ತಿ ಕುಕ್ಕಿದಾಗ ಒಳಗೆ ಪಾದ ಮುಳುಗುವಷ್ಟು ನೀರು ಬಂತು. ಆಗ ಅತ್ತೆ ಹುಟ್ಟು ಕೆಳಗಿಟ್ಟರು. ಬಗ್ಗಿ ಒಂದು ಚೀಲದ ಬಾಯಿ ಹಿಡಿದು, ಅಂಚಿಗೆ ಎಳೆದು, ಹೊಳೆಗೆ ಉರುಳಿಸಿದರು. ಜಗಲಿಯಲ್ಲಿ ಕುಳಿತು ಅವರೇ ಹೊಲಿದ ಹಗ್ಗದ ಬೆಳೆ. ಗಿರಿಜಕ್ಕ ಅಳುತ್ತಾ ಎರಡನೆಯದನ್ನು ದೂಡಿದರು. ನಾನು ನೀರು ಎತ್ತಿ ಎತ್ತಿ ಚೆಲ್ಲಿದೆ. ಚೀಲಗಳೆಲ್ಲ ಹೋದ ಮೇಲೆ ದೋಣಿ ತೆರೆಗಳ ಮೇಲೆ ಹಗುರವಾಗಿ ಏಳತೊಡಗಿತು, ಆದರೆ ಗಾಳಿಗೆ ಇನ್ನೂ ಬೇಗ ಜಾರಿತು.

ಮೋಡ ಮೇಲೆ ಬಂದು ಬೆಳಕು ಥಟ್ಟನೆ ಇಳಿಯಿತು. ಅಷ್ಟರಲ್ಲಿ ಅತ್ತೆ ನನ್ನ ಭುಜ ಹಿಡಿದು ಪಶ್ಚಿಮಕ್ಕೆ ತಿರುಗಿಸಿದರು. “ಅಲ್ಲ್ ಕಾಣ್.”

ತೆರೆಗಳ ಆಚೆ ಒಂದು ಬೋಟು. ಗಂಗೊಳ್ಳಿ ಬಂದರಿಗೆ ವಾಪಸಾಗುವುದು. ಅದು ಉತ್ತರದ ಕಡೆ ಸರಿಯುತ್ತಾ ಹೋಗುತ್ತಿತ್ತು. ನೋಡುವವರು ಇದ್ದಾರೆ. ಈಗ.

ಮೊದಲ ಕೆಂಪು ಕಡ್ಡಿಯ ಮುಚ್ಚಳ ತಿರುಗಿಸಿ, ಕೈ ಚಾಚಿ, ಮುಖ ಆಚೆ ತಿರುಗಿಸಿ ದಾರ ಎಳೆದೆ. ದಾರ ಕಿತ್ತು ಬೆರಳಿಗೆ ಬಂತು. ಕಡ್ಡಿ ತಣ್ಣಗಿತ್ತು. ಏನಾಯಿತೆಂದು ನೋಡಲು ತಲೆ ತಾನಾಗಿ ತಿರುಗುತ್ತಿತ್ತು; ಕಷ್ಟಪಟ್ಟು ತಡೆದೆ. ಹಾಗೇ ಆಚೆ ಹಿಡಿದುಕೊಂಡು ಉಸಿರು ಬಿಗಿಹಿಡಿದೆ, ಆಮೇಲೆ ನೀರಿಗೆ ಬಿಟ್ಟೆ.

“ನಾನ್ ಒಲಿ ಮೇಲ್ ಇಟ್ಟದ್ದಕ್ಕೇ...” ಅತ್ತೆಯ ಧ್ವನಿ ಹಿಂದಿನಿಂದ ಕೇಳಿತು. ಅವರು ಹಾಗೆ ಒಡೆದ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಅಲ್ಲ ಅತ್ತೆ. ನನ್ನ್ ಸೊಂಟ ಹಿಡ್ಕಣಿ. ಗಟ್ಟಿ ಹಿಡ್ಕಣಿ.”

ಅವರು ಮಂಡಿಯೂರಿ ಎರಡೂ ಕೈಯಲ್ಲಿ ನನ್ನ ಸೊಂಟ ತಬ್ಬಿದರು. ಗಿರಿಜಕ್ಕ ನನ್ನ ಕಾಲಿನ ಹತ್ತಿರ ನೀರಿನ ಬಕೆಟ್ಟು ಹಿಡಿದು ಕುಳಿತರು. ಎರಡನೆಯದು, ಕೊನೆಯದು. ದಾರವನ್ನು ಬೆರಳಿಗೆ ಒಂದು ಸುತ್ತು ಸುತ್ತಿ, ಜಗ್ಗದೆ, ನೇರ ಎಳೆದೆ.

ಹಾವು ಬುಸುಗುಟ್ಟಿದಂಥ ಸದ್ದು. ಕಣ್ಣು ಮುಚ್ಚಿದ್ದರೂ ರೆಪ್ಪೆಯೊಳಗೆ ಕೆಂಪು. ಹಿಡಿಕೆ ಬೆಚ್ಚಗಾಯಿತು, ಬಿಸಿಯಾಯಿತು. ಕೆಂಡಗಳು ನೀರಿಗೆ ಬಿದ್ದು ಚುಂಯ್ ಚುಂಯ್ ಎನ್ನುತ್ತಿದ್ದವು. ದೋಣಿ ಹೊಯ್ದಾಡಿದಾಗ ಒಂದು ಕೆಂಡ ಅಂಚಿನ ಮೇಲೆ ಬಿತ್ತು; ಗಿರಿಜಕ್ಕ ಅದರ ಮೇಲೆ ನೀರು ಹೊಯ್ದರು. ಕೈ ಮಡಚಬಾರದು, ಮಡಚಬಾರದು ಎಂದುಕೊಂಡೆ. ಒಂದು ನಿಮಿಷ ಎಂದಿದ್ದಳು ಹುಡುಗಿ. ಅದಕ್ಕಿಂತ ಉದ್ದದ ನಿಮಿಷವನ್ನು ನಾನು ಬದುಕಿನಲ್ಲಿ ಕಂಡಿಲ್ಲ.

“ತಿರ್ಗ್ತ್!” ಗಿರಿಜಕ್ಕ ಕೂಗಿದರು. “ತಿರ್ಗ್ತ್ ಮಾರಾಯ್ತಿ, ಬೋಟ್ ತಿರ್ಗ್ತ್!”

ಕಡ್ಡಿ ಆರಿತು. ಸುಡುತ್ತಿದ್ದ ಕೊಳವೆಯನ್ನು ದೋಣಿಯೊಳಗೆ ಹಾಕದೆ ಬಕೆಟ್ಟಿನ ನೀರಿಗೆ ಅದ್ದಿದೆ. ಕಣ್ಣು ತೆರೆದಾಗ ಎಲ್ಲ ಹಸಿರು ಹಸಿರು. ಆ ಹಸಿರಿನ ನಡುವೆ ಬೋಟಿನ ಮೂತಿ ನೇರ ನಮ್ಮ ಕಡೆಗೆ ಬರುತ್ತಿತ್ತು.

ಅವರು ತೆರೆಯ ಸಾಲು ತಪ್ಪಿಸಿ, ಸುತ್ತು ಬಳಸಿ, ಗಾಳಿಗೆ ಅಡ್ಡವಾಗಿ ನಿಂತು ಹಗ್ಗ ಎಸೆದರು. ಬೋಟು ನಡೆಸುವ ತಾಂಡೇಲ, ನರೆತ ಗಡ್ಡದ ಮನುಷ್ಯ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ. “ಮುಂದಿನ್ ಮರಕ್ಕೆ ಸುತ್ತಿ! ಕೈಗ್ ಸುತ್ಕಬೇಡಿ ಅಮ್ಮಾ, ಕೈಗ್ ಸುತ್ಕಬೇಡಿ!” ಅತ್ತೆ ಸುತ್ತಿದರು. ಹಗ್ಗ ಬಿಗಿಯಾಯಿತು. ನಮ್ಮ ದೋಣಿ ಅಳಿವೆಗೆ ಬೆನ್ನು ಹಾಕಿ ನಿಧಾನವಾಗಿ ಒಳಗೆ ಬಂತು. ಎದುರಿನಿಂದ ಪೊಲೀಸರ ದೋಣಿಯೂ ಬಂದು ಗಂಗೊಳ್ಳಿ ಬಂದರಿನವರೆಗೆ ನಮ್ಮ ಪಕ್ಕದಲ್ಲೇ ನಡೆಯಿತು.

ಬೋಟು ಕಟ್ಟುವ ದಕ್ಕೆ ಹತ್ತಿ ಮೂವರೂ ಅಲ್ಲೇ ನೆಲದ ಮೇಲೆ ಕುಳಿತೆವು. ಯಾರೋ ಚಾ ತಂದುಕೊಟ್ಟರು. ತಾಂಡೇಲ ಬಂದು ಎದುರು ಕುಕ್ಕರಗಾಲಲ್ಲಿ ಕುಳಿತ.

“ಹೊಗಿ ಕಂಡಿತ್ತ್ ನಂಗೆ. ಫೋಟೋದವ್ರ್ ಅಂದ್ಕಂಡೆ,” ಎಂದ. “ಕೆಂಪ್ ಕಂಡದ್ದೇ ಎದಿ ಧಸಕ್ ಅಂತ್. ಅದ್ನ ಯಾರೂ ಆಟಕ್ಕೆ ಅಳಿವಿ ಬಾಯಂಗ್ ಹಿಡ್ದ್ ನಿಲ್ಲುದಿಲ್ಲೆ. ಹಚ್ಚಿದ್ ಯಾರ್?”

ಗಿರಿಜಕ್ಕ ನನ್ನನ್ನು ತೋರಿಸಿದರು. “ಇವ್ಳೇ. ನಮ್ಮ್ ಟೀಚರ್.” ಹೇಳುತ್ತಲೇ ನಗಲು ಹೊರಟು, ನಗು ಅಳುವಾಗಿ, ಅಳು ಮತ್ತೆ ನಗುವಾಗಿ, ಚಾ ಎಲ್ಲ ಸೀರೆಯ ಮೇಲೆ ಚೆಲ್ಲಿಕೊಂಡರು.

ದೋಣಿ ಅಲ್ಲೇ ಕಟ್ಟಿ, ಗೂಡ್ಸ್ ರಿಕ್ಷಾವೊಂದರ ಹಿಂದೆ ಕುಳಿತು ಮನೆಗೆ ಹೊರಟೆವು. ನೀರಿನಲ್ಲಿ ಎದುರಿಗೇ ಕಾಣುವ ಕೋಡಿಗೆ ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ, ಹೆಮ್ಮಾಡಿ ಎಂದು ಊರು ಸುತ್ತಬೇಕು. ತ್ರಾಸಿ ದಾಟುವಾಗ ಮಳೆ ಬಂತು. ವರ್ಷದ ಮೊದಲ ಮಳೆ, ದಪ್ಪ ಹನಿ. ಚಾಲಕ ನಿಲ್ಲಿಸಿ ಟಾರ್ಪಾಲು ಕೊಡಲು ಬಂದ. ಬೇಡ ಎಂದೆವು. ಮೂವರೂ ಬಾಯಿ ತೆರೆದು ಮುಖ ಮೇಲೆತ್ತಿ ಕುಳಿತಿದ್ದೆವು. ಉಪ್ಪು ತೊಳೆದು ಹೋಗುತ್ತಿತ್ತು. ಹೊಳೆ ನಾಳೆಯಿಂದ ಸಿಹಿಯಾಗುತ್ತದೆ, ಉಳಿದ ಪಚ್ಚಿಲೆಯೂ ಹೋಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಯಾರಿಗೂ ಅದು ದುಃಖ ಅನಿಸಲಿಲ್ಲ.

ಹೆಮ್ಮಾಡಿ ಕಳೆದ ಮೇಲೆ ಅತ್ತೆ ತಗ್ಗಿದ ಧ್ವನಿಯಲ್ಲಿ ಕೇಳಿದರು. “ಆ ಮೊದ್ಲಿನ್ ಕಡ್ಡಿ ಹತ್ತದೇ ಹೋದ್ದ್ ನನ್ನಿಂದ್ಲೇ ಅಲ್ದಾ ಹೆಣ್ಣೆ?”

ನಾನು ಮುಷ್ಟಿ ಬಿಚ್ಚಿ ತೋರಿಸಿದೆ. ಕಿತ್ತು ಬಂದ ದಾರ ಇನ್ನೂ ಬೆರಳಿಗೆ ಸುತ್ತಿಕೊಂಡೇ ಇತ್ತು. “ದಾರ ಕಿತ್ತದ್ದ್ ಅತ್ತೆ. ನಾನೇ ಗಡಿಬಿಡಿಯಂಗ್ ಜಗ್ದೆ. ಮದ್ದಿಗೆ ಬೆಂಕಿ ತಾಗ್ಲೇ ಇಲ್ಲೆ. ಬಿಸಿಯಿಂದ ಆದ್ದಲ್ಲ.”

ಅತ್ತೆ ದಾರವನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಮತ್ತೆ ರಿಕ್ಷಾದಿಂದ ಹೊರಗೆ, ಮಳೆಗೆ ಬಿಟ್ಟರು. ನನ್ನ ಬಲಗೈಯನ್ನು ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಕುಂದಾಪುರ ಬರುವವರೆಗೂ ಬಿಡಲಿಲ್ಲ.

ಆ ಹೊಗೆಯ ವಿಡಿಯೋಗೆ ಯಾರೋ ಪ್ರೇಮದ ಹಾಡು ಸೇರಿಸಿ ಹಂಚಿದ್ದು, ರಾಘು ಮಲ್ಪೆಯ ದಕ್ಕೆಯಲ್ಲಿ ಅದನ್ನು ನೋಡಿ, ಹಿಂದೆ ಹುಟ್ಟು ಹಾಕುತ್ತಿರುವವರು ತನ್ನ ಅಮ್ಮ ಎಂದು ಗುರುತಿಸಿ, ಸಿಕ್ಕಿದ ಬಸ್ಸು ಹತ್ತಿ ಓಡಿ ಬಂದದ್ದು, ಬಂದವರು ಅಂಗಳದಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಲೇ ಇದ್ದದ್ದು, ಇವೆಲ್ಲ ಮುಂದಿನ ಒಂದೆರಡು ದಿನಗಳಲ್ಲಿ ಆದ ಮಾತು. ನನಗೆ ಹೆಚ್ಚು ನೆನಪಿರುವುದು ಅದಕ್ಕೂ ಮೊದಲಿನ, ಮರುದಿನದ ಬೆಳಗು.

ಎಚ್ಚರವಾದಾಗ ಮಳೆ ಹೊಯ್ಯುತ್ತಲೇ ಇತ್ತು. ಅಡುಗೆಮನೆಯಲ್ಲಿ ಸದ್ದಿಲ್ಲ. ಎದ್ದು ಹೋಗಿ ನೋಡಿದರೆ ಒಲೆ ಹೊತ್ತಿಸಿಲ್ಲ, ಬಾಗಿಲು ತೆಗೆದಿಲ್ಲ. ಅತ್ತೆ ಚಾಪೆಯ ಮೇಲೆ ಪಕ್ಕಕ್ಕೆ ತಿರುಗಿ, ಕೆನ್ನೆಯ ಕೆಳಗೆ ಅಂಗೈ ಇಟ್ಟು ನಿದ್ದೆ ಹೋಗಿದ್ದರು. ಬೆಳಕು ಹರಿದ ಮೇಲೂ ಅವರು ಮಲಗಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ಕಂಡಿರಲಿಲ್ಲ. ಹತ್ತಿರ ಬಗ್ಗಿ ಉಸಿರು ಕೇಳಿದೆ. ಒಳ್ಳೆ ನಿದ್ದೆಯ ಉಸಿರು.

ಹೊರಗೆ ಕೊಡೆ ಮಡಚುವ ಸದ್ದಾಯಿತು. ಗಿರಿಜಕ್ಕ. “ಹ್ವಾಯ್ ಪಾರ್ತ...” ಎಂದು ಕೂಗಲು ಹೊರಟವರಿಗೆ ಬಾಗಿಲಿನಿಂದ ಕೈಸನ್ನೆ ಮಾಡಿದೆ. ಅವರು ತುದಿಗಾಲಲ್ಲಿ ನಡೆದು ಬಂದು ಒಳಗೆ ಇಣುಕಿದರು.

“ಒರಗ್ಲಿ,” ಎಂದು ಪಿಸುಗುಟ್ಟಿದರು. “ಎಬ್ಸ್ಬೇಡ.”

ಇಬ್ಬರೂ ಜಗಲಿಯಲ್ಲಿ ಕಾಲು ಚಾಚಿ ಕುಳಿತೆವು. ಅಂಗಳದಲ್ಲಿ ನೀರು ತುಂಬುತ್ತಿತ್ತು. ಚಾ ಬೇಕಾ ಎಂದು ಪಿಸುಮಾತಿನಲ್ಲೇ ಕೇಳಿದೆ. ಆಮೇಲೆ ಮಾಡುವ ಎಂದು ಪಿಸುಮಾತಿನಲ್ಲೇ ಹೇಳಿದರು.